ಗೋಡೆ ಗಾರೆ, ಜಿಪ್ಸಮ್ ರಿಪೇರಿಗೆ ಜನ ಕರೆಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆ, ಆಮೇಲೆ ಹಾಸನದಲ್ಲಿರುವ ಅಪ್ಪನ ಮನೆ, ಎರಡರ ರಿಪೇರಿಯನ್ನೂ ನಾನೇ ಮುಂದೆ ನಿಂತು ಮಾಡಿಸಿದೆ. ಅಲ್ಲಿಂದ ಶುರುವಾಯಿತು. ಮಳೆಗಾಲ ಬಂತೆಂದರೆ ಪರಿಚಯದವರು ಗೋಡೆ ಫೋಟೊ ಕಳಿಸುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕರೂ ಅದೇ ಮಾತು. ಎಲ್ಲರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆ ಒಂದನ್ನೇ ಓದಿದರೂ ಸಾಕು.

## ಶುರು ಮಾಡುವವರಿಗೆ

ಗೋಡೆ ಗಾರೆ ಉದುರ್ತಿದೆ. ಮೊದಲು ಯಾರನ್ನ ಕರೀಬೇಕು? ಮೇಸ್ತ್ರಿನಾ, ಪೇಂಟರ್‌ನಾ, ಪ್ಲಂಬರ್‌ನಾ?

ಯಾರನ್ನೂ ಕರೆಯುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ. ನಮ್ಮ ಕಡೆ ಗಾರೆ ಉದುರುವುದಕ್ಕೆ ಹೆಚ್ಚಿನ ಸಲ ಕಾರಣ ನೀರೇ. ಆ ದಾರಿ ಮುಚ್ಚದೆ ಗಾರೆ ಹಚ್ಚಿಸಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಉದುರುತ್ತದೆ.

ನಮ್ಮ ಮಲಗುವ ಕೋಣೆಯ ಗೋಡೆಗೆ ಮೂರು ವರ್ಷ ಮೂರು ಸಲ ಗಾರೆ ಹಚ್ಚಿಸಿದ್ದೆ. ಪ್ರತಿ ವರ್ಷ ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಕಿಟಕಿ ಮೇಲ್ಗಡೆ ಬಣ್ಣ ಗುಳ್ಳೆ ಎದ್ದು, ಹಿಂದೆಯೇ ಗಾರೆ ಉದುರುತ್ತಿತ್ತು. ನಾಲ್ಕನೇ ಸಲ ಬಂದ ಮೇಸ್ತ್ರಿ ಕರಣೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಗೋಡೆಗೆ ಅಂಗೈ ಒತ್ತಿ ನೋಡಿದರು. ಹೊರಗೆ ಹೋಗಿ ಏಣಿ ಹತ್ತಿದರು. "ಅಕ್ಕ, ಒಂದು ಚೊಂಬು ನೀರು ಕೊಡಿ" ಅಂದರು. ಕುಡಿಯಲು ಅಂದುಕೊಂಡೆ. ಅವರು ಅದನ್ನು ಕಿಟಕಿಯ ಸಜ್ಜದ ಮೇಲೆ ನಿಧಾನವಾಗಿ ಸುರಿದರು. ನೀರು ಹೊರಗೆ ಜಾರಲಿಲ್ಲ. ತಿರುಗಿ ಗೋಡೆ ಕಡೆಗೇ ಹರಿಯಿತು. ಸಜ್ಜ ಗೋಡೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕಿತ್ತು. ನಮ್ಮ ಕಣ್ಣೆದುರೇ ಅಲ್ಲಿ ಇಂಗಿ ಹೋಯಿತು.

"ಗೋಡೇದೇನೂ ತಪ್ಪಿಲ್ಲ ಅಕ್ಕ. ಮೊದಲು ಸಜ್ಜದ ವಾಟ ಸರಿ ಮಾಡೋಣ" ಅಂದರು. ಸಜ್ಜದ ಮೇಲೆ ಹೊರಗಡೆಗೆ ಇಳಿಜಾರು ಮಾಡಿ, ಮೂಲೆಗೆ ದುಂಡಗೆ ಗಾರೆ ಕೊಟ್ಟು, ಬಿರುಕು ಮುಚ್ಚಿ, ಗೋಡೆ ಒಣಗಿದ ಮೇಲೆ ಒಳಗಿನ ಗಾರೆ ಹಚ್ಚಿದರು. ಆಮೇಲೆ ಆ ಗೋಡೆಗೆ ಏನೂ ಆಗಿಲ್ಲ.

ಆದ್ದರಿಂದ ಒದ್ದೆ ಯಾವಾಗ ಕಾಣಿಸುತ್ತದೆ ಎಂದು ಗಮನಿಸಿ. ಮಳೆ ಬಂದಾಗ ಮಾತ್ರ ಅಂದರೆ ತಾರಸಿ, ಸಜ್ಜ, ಹೊರಗೋಡೆ ನೋಡಬೇಕು. ಅದಕ್ಕೆ ಮೇಸ್ತ್ರಿ ಸಾಕು. ಬೇಸಿಗೆಯಲ್ಲೂ ಒದ್ದೆ ಇದ್ದರೆ ಪೈಪೋ ಬಾತ್‌ರೂಮೋ ಇರಬಹುದು, ಪ್ಲಂಬರ್ ಬೇಕು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕ್‌ನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಪೈಪ್ ಸೋರುತ್ತಿದೆ. ಬಾತ್‌ರೂಮ್ ಮೇಲೆ ಅನುಮಾನ ಇದ್ದರೆ ನೀರು ಹೋಗುವ ತೂತು ಮುಚ್ಚಿ, ಒಂದಿಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಪೇಂಟರ್ ಕೆಲಸ ಎಲ್ಲಕ್ಕಿಂತ ಕೊನೆಗೆ.

ಪೂರ್ತಿ ಗೋಡೆ ಕೆತ್ತಿಸಬೇಕಾ? ಬಿದ್ದಷ್ಟಕ್ಕೆ ಹಚ್ಚಿಸಿದ್ರೆ ಸಾಕಾ?

ತಟ್ಟಿ ನೋಡಿದರೆ ಗೊತ್ತಾಗುತ್ತದೆ. ಕರಣೆಯ ಹಿಡಿಯಿಂದಲೋ ನಾಣ್ಯದಿಂದಲೋ ಗೋಡೆ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಗಾರೆ 'ಟಣ್' ಅನ್ನುತ್ತದೆ. ಗೋಡೆಯಿಂದ ಬಿಟ್ಟುಕೊಂಡಿದ್ದರೆ ಮಡಕೆ ತಟ್ಟಿದ ಹಾಗೆ 'ಡೊಬ್' ಅನ್ನುತ್ತದೆ. ಅದನ್ನೇ ಪೊಳ್ಳು ಅನ್ನುವುದು. ಪೊಳ್ಳು ಇರುವಷ್ಟಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬಿದ್ದ ಜಾಗ ಅಂಗೈ ಅಗಲ ಇದ್ದರೂ ಸುತ್ತ ಎರಡು ಮೂರು ಅಡಿ ಪೊಳ್ಳಾಗಿರುವುದು ಸಾಮಾನ್ಯ. ಗೆರೆಯೊಳಗಿನದ್ದು ಪೂರ್ತಿ ಹೋಗಬೇಕು, ಹೊರಗಿನ ಗಟ್ಟಿ ಗಾರೆ ಮುಟ್ಟುವುದು ಬೇಡ. ಗೋಡೆಯ ಅರ್ಧಕ್ಕಿಂತ ಜಾಸ್ತಿ ಪೊಳ್ಳಿದ್ದರೆ ಮಾತ್ರ ಇಡೀ ಗೋಡೆ ಕೆತ್ತಿಸಿ. ತೇಪೆ ಹಾಕುವುದೇ ಆಗ ಕಷ್ಟ.

ಈ ಬಿರುಕು ಸುಮ್ನೆ ಬಿರುಕಾ, ಇಲ್ಲ ಭಯ ಪಡಬೇಕಾ?

ಬಲೆಯ ಹಾಗೆ ಹರಡಿದ ಸಣ್ಣ ಬಿರುಕುಗಳು ಗಾರೆ ಬೇಗ ಒಣಗಿದ್ದಕ್ಕೋ ಸಿಮೆಂಟ್ ಜಾಸ್ತಿ ಆಗಿದ್ದಕ್ಕೋ ಬರುತ್ತವೆ. ಅವುಗಳಿಂದ ಅಪಾಯ ಇಲ್ಲ. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೇರವಾಗಿ ಮೇಲಿಂದ ಕೆಳಕ್ಕೆ ಬಿರುಕು ಬಂದರೆ, ಅಲ್ಲಿ ಗಾರೆಯೊಳಗೆ ಮೆಶ್, ಅಂದರೆ ತಂತಿ ಬಲೆ, ಹಾಕಿಲ್ಲ ಎಂದು ಅರ್ಥ. ತಾರಸಿಗೆ ಸ್ವಲ್ಪ ಕೆಳಗೆ ಅಡ್ಡಕ್ಕೆ ಬಂದರೆ, ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುತ್ತಿದೆ.

ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲಿನ ಹಾಗೆ ಇಳಿಯುವ ಬಿರುಕು, ಗೋಡೆಯ ಎರಡೂ ಕಡೆ ಕಾಣುವ ಬಿರುಕು, ಇವುಗಳನ್ನು ಕಡೆಗಣಿಸಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ತಿಂಗಳಲ್ಲಿ ಗೆರೆ ದಾಟಿ ಮುಂದೆ ಹೋದರೆ, ಅಥವಾ ಅಗಲ 5 ಮಿಲಿಮೀಟರ್ ಮೀರಿದರೆ, ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಅಲ್ಲಿ ತನಕ ಅದರ ಮೇಲೆ ಪುಟ್ಟಿ ಬಳಿಸಬೇಡಿ. ಬಳಿಸಿದರೆ ಗುರುತೇ ಮುಚ್ಚಿ ಹೋಗುತ್ತದೆ.

ಯಾವ ತಿಂಗಳಲ್ಲಿ ಮಾಡಿಸೋದು ಒಳ್ಳೇದು?

ಹೊರಗೋಡೆಗೆ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಮಾರ್ಚ್‌ನ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬರುವುದರೊಳಗೆ ಮುಗಿಸುವುದು ಒಳ್ಳೆಯದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ನವೆಂಬರ್‌ನಲ್ಲಿ ಗೋಡೆ ಒಣಗಿದೆ ಅಂದುಕೊಳ್ಳಬೇಡಿ. ಜೂನ್‌ನಿಂದ ಕುಡಿದ ನೀರು ಆರಲು ಡಿಸೆಂಬರ್ ಆಗಬಹುದು. ಅರಸೀಕೆರೆ, ಕಡೂರಿನ ಕಡೆ ಇಷ್ಟು ಚಿಂತೆ ಇಲ್ಲ. ಅಲ್ಲಿ ಬಿಸಿಲಿಗೆ ಗಾರೆ ಬೇಗ ಒಣಗಿ ಬಿರುಕು ಬಿಡುವುದೇ ತೊಂದರೆ. ಒಳಗೋಡೆಗೆ ಯಾವ ತಿಂಗಳಾದರೂ ಆದೀತು, ಆದರೆ ಸೋರುವ ದಾರಿ ಹುಡುಕಲು ಮಳೆಗಾಲವೇ ಸರಿ. ಆಗಲೇ ಫೋಟೊ ತೆಗೆದಿಟ್ಟುಕೊಂಡು, ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ.

## ಜನ, ದರ, ಸಾಮಾನು

ಸಣ್ಣ ಕೆಲಸ ಅಂದ್ರೆ ಯಾರೂ ಬರಲ್ಲ. ಏನು ಮಾಡೋದು?

ಅವರ ಕಡೆಯಿಂದಲೂ ಯೋಚಿಸಿ. ಅರ್ಧ ದಿನದ ಕೆಲಸಕ್ಕೆ ಬಂದರೆ ಉಳಿದ ಅರ್ಧ ದಿನದ ಕೂಲಿ ಹೋಗುತ್ತದೆ. ಜೊತೆಗೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು. ಹೆಲ್ಪರ್‌ಗಳಲ್ಲಿ ಎಷ್ಟೋ ಜನ ತೋಟಕ್ಕೆ ಹೋಗುತ್ತಾರೆ. ಮೇಸ್ತ್ರಿ ಇದ್ದರೂ ಕಲಸಿ ಕೊಡುವವರು ಇರುವುದಿಲ್ಲ.

ನಾನು ಮಾಡುವುದು ಇಷ್ಟೇ. ಮನೆಯ ಸಣ್ಣಪುಟ್ಟ ಕೆಲಸವನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. ಒಡೆದ ಟೈಲ್ಸ್, ಚರಂಡಿ ಅಂಚು, ಕಾಂಪೌಂಡಿನ ಬಿರುಕು, ಎಲ್ಲ ಸೇರಿ ಎರಡು ಪೂರ್ತಿ ದಿನ ಆಗುವ ಹಾಗೆ ನೋಡಿ ಆಮೇಲೆ ಕರೆಯುತ್ತೇನೆ. ಪಕ್ಕದ ಮನೆಯವರದ್ದೂ ಇದ್ದರೆ ಇನ್ನೂ ಅನುಕೂಲ. ನಿಮ್ಮ ಬೀದಿಯಲ್ಲಿ ಹೊಸ ಮನೆ ಏಳುತ್ತಿದ್ದರೆ ಅಲ್ಲಿನ ಮೇಸ್ತ್ರಿಯನ್ನು ಭಾನುವಾರಕ್ಕೆ ಕೇಳಿ. ಅವರ ಸಾಮಾನು, ಸಾರುವೆ ಅಲ್ಲೇ ಇರುತ್ತವೆ.

ಒಳ್ಳೆ ಮೇಸ್ತ್ರಿ ಅಂತ ಗೊತ್ತಾಗೋದು ಹೇಗೆ?

ಗೋಡೆ ನೋಡದೆ ಫೋನಿನಲ್ಲೇ ದರ ಹೇಳುವವರು ಬೇಡ. ಬಂದವರು ತಟ್ಟಿ ನೋಡುತ್ತಾರಾ, ಹಿಂಬದಿ ಏನಿದೆ ಎಂದು ಕೇಳುತ್ತಾರಾ, ತಾರಸಿ ಹತ್ತುತ್ತಾರಾ, ಇದನ್ನು ಗಮನಿಸಿ. ನಾನು ತಪ್ಪದೆ ಕೇಳುವುದು ಒಂದು ಮಾತು: "ಎರಡು ಮಳೆಗಾಲ ಕಳೆದಿರೋ ನಿಮ್ಮ ಕೆಲಸ ಒಂದು ತೋರಿಸ್ತೀರಾ?" ಹೋದ ತಿಂಗಳು ಮುಗಿಸಿದ ಗೋಡೆ ಯಾರದ್ದಾದರೂ ಚೆನ್ನಾಗಿಯೇ ಕಾಣುತ್ತದೆ. ಎರಡು ವರ್ಷ ಹಳೆಯದರ ಮೂಲೆ, ಸ್ವಿಚ್ ಬೋರ್ಡ್ ಸುತ್ತ, ಕಿಟಕಿ ಕೆಳಗೆ ನೋಡಿದರೆ ಅವರ ಕೈ ಹೇಗೆ ಎಂದು ತಿಳಿಯುತ್ತದೆ.

ದಿನಗೂಲಿನಾ, ಚದರಡಿ ಲೆಕ್ಕನಾ, ಒಟ್ಟು ಗುತ್ತಿಗೆನಾ?

ರಿಪೇರಿಗೆ ದಿನಗೂಲಿ ಮೇಲು ಅನ್ನುವುದು ನನ್ನ ಅಭಿಪ್ರಾಯ. ಗೋಡೆ ಕೆತ್ತಿದ ಮೇಲೆ ಒಳಗೆ ಏನು ಸಿಗುತ್ತದೋ ಮೊದಲೇ ಹೇಳಲು ಆಗುವುದಿಲ್ಲ. ಚದರಡಿ ಲೆಕ್ಕಕ್ಕೆ ಒಪ್ಪಿಕೊಂಡವರು ಪೊಳ್ಳು ಜಾಗವನ್ನು ಪೂರ್ತಿ ಕೆತ್ತದೆ ಬೇಗ ಮುಗಿಸಲು ನೋಡಬಹುದು. ಅವರ ಸಂಪಾದನೆ ಇರುವುದೇ ವೇಗದಲ್ಲಿ. ಇಡೀ ಕೋಣೆಗೆ ಹೊಸದಾಗಿ ಹಚ್ಚಿಸುವಾಗ ಚದರಡಿ ಲೆಕ್ಕ ಸರಿ. ಆಗ ಕಿಟಕಿ ಬಾಗಿಲ ಜಾಗ ಕಳೆಯುತ್ತಾರಾ, ಕೆತ್ತುವ ಕೂಲಿ ಸೇರಿದೆಯಾ, ಮಣ್ಣುಕಲ್ಲು ಸಾಗಿಸುವುದು ಯಾರು, ಸಾರುವೆ ಬಾಡಿಗೆ ಯಾರದ್ದು, ಈ ನಾಲ್ಕನ್ನೂ ಮೊದಲೇ ಮಾತಾಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಸಾಮಾನು ನಾವೇ ತಂದುಕೊಡಬೇಕಾ? ಎಷ್ಟು ಬೇಕಾಗುತ್ತೆ?

ಸಣ್ಣ ಕೆಲಸಕ್ಕೆ ನೀವೇ ತನ್ನಿ, ಬಿಲ್ ಇಟ್ಟುಕೊಳ್ಳಿ. ಒಳಗೋಡೆಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟ್‌ಗೆ ಆರು ಪಾಲು ಮರಳು, 12 ಮಿಲಿಮೀಟರ್ ದಪ್ಪ. ಈ ಲೆಕ್ಕದಲ್ಲಿ 100 ಚದರಡಿಗೆ 50 ಕಿಲೋ ಮೂಟೆಯಲ್ಲಿ ಸುಮಾರು ಮುಕ್ಕಾಲು ಭಾಗ ಸಿಮೆಂಟ್, ಐದಾರು ಘನ ಅಡಿ ಮರಳು ಬೇಕು. ಮಳೆ ಹೊಡೆಯುವ ಹೊರಗೋಡೆಗೆ ಒಂದಕ್ಕೆ ನಾಲ್ಕು, 15 ಮಿಲಿಮೀಟರ್ ಅಂದರೆ ಒಂದೂಕಾಲು ಮೂಟೆಯಾದರೂ ಬೇಕು. ಕೈ ಜಾರಿ ಬೀಳುವುದು, ಉಬ್ಬುತಗ್ಗು ತುಂಬುವುದು ಇರುವುದರಿಂದ ಸ್ವಲ್ಪ ಜಾಸ್ತಿ ತಂದರೆ ಒಳ್ಳೆಯದು.

ಮರಳಿನ ಅಂಗಡಿಯಲ್ಲಿ ಸುಮ್ನೆ ಎಂ ಸ್ಯಾಂಡ್ ಅಂದರೆ ಕಾಂಕ್ರೀಟಿನ ದಪ್ಪ ಮರಳು ಕೊಡುತ್ತಾರೆ. ಗಾರೆಗೆ ಪಿ ಸ್ಯಾಂಡ್, ಅಂದರೆ ಗಾರೆಗೆಂದೇ ಮಾಡಿದ ಸಣ್ಣ ಮರಳು, ಕೇಳಿ. ಮೂಟೆಯ ಮೇಲಿನ ವಾರ, ತಿಂಗಳು ನೋಡಿ. ಮೂರು ತಿಂಗಳಿಗಿಂತ ಹಳೆಯ ಸಿಮೆಂಟ್ ಬೇಡ. ನಮ್ಮ ಮಲೆನಾಡಿನ ಥಂಡಿಗೆ ಅದಕ್ಕೂ ಮುಂಚೆಯೇ ಗಂಟು ಕಟ್ಟುವುದುಂಟು.

ಅಡ್ವಾನ್ಸ್ ಎಷ್ಟು ಕೊಡಬಹುದು?

ದಿನಗೂಲಿಯಾದರೆ ಅಡ್ವಾನ್ಸ್ ಬೇಡ, ಆಯಾ ದಿನ ಅಥವಾ ವಾರದ ಬಟವಾಡೆ ತಪ್ಪದೆ ಕೊಡಿ. ಗುತ್ತಿಗೆಯಾದರೆ ಕಾಲು ಭಾಗ ಮುಂಗಡ, ಗಾರೆ ಮುಗಿದಾಗ ದೊಡ್ಡ ಪಾಲು, ನೂರಕ್ಕೆ ಹತ್ತರಷ್ಟನ್ನು ಕ್ಯೂರಿಂಗ್ (ಹೊಸ ಗಾರೆಗೆ ದಿನಾ ನೀರು ಬಿಡುವುದು) ಮುಗಿದು ಒಮ್ಮೆ ತಟ್ಟಿ ನೋಡಿದ ಮೇಲೆ. ಇದನ್ನು ಮೊದಲ ದಿನವೇ ಹೇಳಿ. ಕೊನೆಯ ದಿನ ಹೇಳಿದರೆ ಅವರಿಗೆ ಮೋಸ ಮಾಡಿದ ಹಾಗೆ. ಒಪ್ಪಿದ ಹಣವನ್ನು ಹೇಳಿದ ದಿನವೇ ಕೊಡಿ. ಮುಂದಿನ ಸಲ ಒಂದು ಫೋನಿಗೆ ಬರುತ್ತಾರೆ.

## ಕೆಲಸ ನಡೆಯುವಾಗ

ನಾನು ಪಕ್ಕದಲ್ಲಿ ನಿಂತು ಏನು ನೋಡಬೇಕು?

ಕೆತ್ತುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಗೋಡೆಯೊಳಗಿನ ವೈರಿಂಗ್ ಪೈಪ್ ಎಲ್ಲಿ ಹೋಗಿದೆ ಎಂದು ತೋರಿಸಿ. ಇದು ಅವರ ಪ್ರಾಣದ ವಿಷಯ. ಕೆತ್ತುವ ಮೆಷಿನ್‌ಗೆ ಕರೆಂಟ್ ಬೇಕೆಂದರೆ ಆ ಗೋಡೆಯ ಲೈನ್ ಮಾತ್ರ ಆಫ್ ಇಟ್ಟು ಬೇರೆ ಲೈನ್‌ನಿಂದ ಕೊಡಿ.

ಕೆತ್ತಿದ ಮೇಲೆ ಇಟ್ಟಿಗೆ ಸಂದಿಯ ಪುಡಿ ಹೋಗುವ ಹಾಗೆ ತಂತಿ ಬ್ರಷ್‌ನಲ್ಲಿ ಉಜ್ಜಬೇಕು. ಧೂಳಿನ ಮೇಲೆ ಗಾರೆ ಕೂರುವುದಿಲ್ಲ. ನುಣುಪಾದ ಕಾಂಕ್ರೀಟ್ ಇದ್ದರೆ ಕಚ್ಚು ಹೊಡೆದು ಒರಟು ಮಾಡಬೇಕು. ಗೋಡೆಗೆ ನೀರು ಹೊಡೆದು, ಮೇಲ್ಗಡೆ ನೀರು ಹರಿಯುವುದು ನಿಂತ ಮೇಲೆ ಹಚ್ಚಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಪಿಲ್ಲರ್ ಪಕ್ಕದಲ್ಲಿ ಮೆಶ್ ಎರಡೂ ಕಡೆ ನಾಲ್ಕು ನಾಲ್ಕು ಇಂಚು ಬರುವ ಹಾಗೆ ಮೊಳೆ ಹೊಡೆದಿರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಬಾಂಡ್ಲಿ ಮೇಲೆ ಕಣ್ಣಿಡಿ. ನೀರು ಹಾಕಿ ಕಲಸಿದ ಗಾರೆ ಅರ್ಧ ಗಂಟೆಯಲ್ಲಿ ಖಾಲಿಯಾಗಬೇಕು. ಊಟಕ್ಕೆ ಮುಂಚೆ ಕಲಸಿದ್ದಕ್ಕೆ ಊಟ ಆದ ಮೇಲೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡುವುದನ್ನು ಕಂಡರೆ ಬೇಡ ಅನ್ನಿ. "ಅಣ್ಣ, ಸ್ವಲ್ಪ ಸ್ವಲ್ಪ ಕಲಸಿಕೊಳ್ಳಿ, ವೇಸ್ಟ್ ಆದ್ರೆ ನಾನು ನೋಡ್ಕೋತೀನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಷ್ಟು ನೋಡಿದ ಮೇಲೆ ಅವರನ್ನು ಅವರ ಪಾಡಿಗೆ ಬಿಡಿ. ಪ್ರತಿ ಕರಣೆಗೂ ಮಾತಾಡಿದರೆ ಕೈ ಓಡುವುದಿಲ್ಲ.

ಎಷ್ಟು ದಿನ ನೀರು ಬಿಡಬೇಕು? ಪೇಂಟ್ ಯಾವಾಗ?

ಮಾರನೇ ದಿನದಿಂದ ಕನಿಷ್ಠ 7 ದಿನ, ದಿನಕ್ಕೆ ಎರಡು ಮೂರು ಸಲ. ಮೇಸ್ತ್ರಿ ಹೋದ ಮೇಲೆ ಇದು ಮನೆಯವರ ಕೆಲಸ. ಪೇಂಟ್‌ಗೆ 28 ದಿನವಾದರೂ ಕಾಯಿರಿ, ಮಳೆಗಾಲವಾದರೆ ಇನ್ನೂ ಜಾಸ್ತಿ. ಹಬ್ಬಕ್ಕೆ ಅಂತ ಅವಸರ ಮಾಡಿ ಒದ್ದೆ ಗಾರೆಗೆ ಬಣ್ಣ ಹೊಡೆಸಿದರೆ ಗುಳ್ಳೆ ಏಳುತ್ತದೆ.

ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದ ಅತ್ತೆ ಇದ್ದಾರೆ. ಧೂಳಿಗೆ ಏನು ಮಾಡೋದು?

ಕೆತ್ತುವ ದಿನ ಅವರನ್ನು ನೆಂಟರ ಮನೆಗೆ ಕಳಿಸಿ. ಆಗದಿದ್ದರೆ ಬಾಗಿಲಿಗೆ ಒದ್ದೆ ಬೆಡ್‌ಶೀಟ್ ಕಟ್ಟಿ, ಹೊರಗಿನ ಕಿಟಕಿ ತೆಗೆದಿಡಿ. ಹಳೆ ಎನಾಮಲ್ ಬಣ್ಣವನ್ನು ಒಣಗಿದ ಹಾಗೇ ಉಜ್ಜಿಸಬೇಡಿ. ಅದರಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ನೀರು ಚಿಮುಕಿಸಿ ಉಜ್ಜಿಸಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದವರಿಗೂ ಮಾಸ್ಕ್ ತಂದುಕೊಡಿ. ಹೆಲ್ಪರ್‌ಗಳು ಟವೆಲ್ ಸುತ್ತಿಕೊಂಡು ದಿನವಿಡೀ ಆ ಧೂಳು ಕುಡಿಯುವುದನ್ನು ನೋಡಲು ಆಗುವುದಿಲ್ಲ.

## ಜಿಪ್ಸಮ್ ಗೋಡೆ, ಸೀಲಿಂಗ್

ಜಿಪ್ಸಮ್ ಸೀಲಿಂಗ್‌ಗೆ ತೂತಾಗಿದೆ. ಗಾರೆ ಮೇಸ್ತ್ರಿ ಕೈಲೇ ಮಾಡಿಸಬಹುದಾ?

ಬೇಡ. ಇದು ಫಾಲ್ಸ್ ಸೀಲಿಂಗ್ ಮಾಡುವವರ ಕೆಲಸ, ಕೈಚಳಕವೇ ಬೇರೆ. ತೂತನ್ನು ಚೌಕಾಕಾರಕ್ಕೆ ಕತ್ತರಿಸಿ, ಹಿಂದೆ ಪಟ್ಟಿ ಕೊಟ್ಟು, ಅದೇ ದಪ್ಪದ ಬೋರ್ಡ್ ತುಂಡನ್ನು ಸ್ಕ್ರೂ ಮಾಡಿ, ಸಂದಿಗೆ ಟೇಪ್ ಅಂಟಿಸಿ, ಎರಡು ಮೂರು ಸಲ ಜಾಯಿಂಟ್ ಪೇಸ್ಟ್ ಎಳೆಯುತ್ತಾರೆ. ಪ್ರತಿ ಸಲವೂ ಪೂರ್ತಿ ಒಣಗಬೇಕು. ಆರಿದ್ರ, ಪುನರ್ವಸು ಮಳೆಯಲ್ಲಿ ಒಂದು ದಿನದ್ದು ಮೂರು ದಿನ ಹಿಡಿಯುತ್ತದೆ. ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಅನ್ನುವವರು ಟೇಪ್ ಹಾಕುತ್ತಾರಾ ಎಂದು ಕೇಳಿ. ಟೇಪ್ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಅದೇ ಚೌಕದ ಗೆರೆ ಕಾಣಿಸುತ್ತದೆ.

ಜಿಪ್ಸಮ್ ಮೇಲೆ ಸಿಮೆಂಟ್ ಗಾರೆ ಹಚ್ಚಲೇಬಾರದು. ಥಂಡಿ ಸಿಕ್ಕರೆ ಎರಡಕ್ಕೂ ರಾಸಾಯನಿಕ ಕ್ರಿಯೆ ನಡೆದು ಉಬ್ಬಿ ಕಳಚುತ್ತದೆ. ಫ್ಯಾನನ್ನು ಬೋರ್ಡಿಗಾಗಲಿ ಅದನ್ನು ಹಿಡಿದಿರುವ ತಗಡಿನ ಚಾನೆಲ್‌ಗಾಗಲಿ ನೇತುಹಾಕಬಾರದು. ಮೇಲಿನ ತಾರಸಿಯ ಕೊಕ್ಕೆಯಿಂದಲೇ ಇಳಿಯಬೇಕು.

ತಾರಸಿ ಸೋರುತ್ತೆ. ಕೆಳಗಿನಿಂದ ಫಾಲ್ಸ್ ಸೀಲಿಂಗ್ ಹಾಕಿಸಿ ಮುಚ್ಚಿಬಿಡಲಾ?

ದಯವಿಟ್ಟು ಬೇಡ. ನೀರು ಕುಡಿದ ಜಿಪ್ಸಮ್ ಬೋರ್ಡ್ ಮೆತ್ತಗಾಗಿ ಜೋತುಬಿದ್ದು ಒಂದು ದಿನ ತಲೆ ಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಒಳಗೆ ತಾರಸಿಯ ಕಬ್ಬಿಣ ತುಕ್ಕು ಹಿಡಿಯುತ್ತಾ ಇರುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಡೆಯುತ್ತದೆ. ಸೀಲಿಂಗ್‌ನಿಂದ ಚಕ್ಕೆ ಬಿದ್ದು ಕಂಬಿ ಕಾಣಿಸಿದರೆ ಅದು ಗಾರೆ ರಿಪೇರಿ ಅಲ್ಲವೇ ಅಲ್ಲ. ಎಂಜಿನಿಯರ್ ಬಂದು ನೋಡಬೇಕು. ಮೊದಲು ಮೇಲೆ ವಾಟರ್‌ಪ್ರೂಫಿಂಗ್, ಆಮೇಲೆ ತುಕ್ಕು ತೆಗೆದು ಪಾಲಿಮರ್ ಬೆರೆಸಿದ ಗಾರೆ. ಫಾಲ್ಸ್ ಸೀಲಿಂಗ್ ಬೇಕೇ ಬೇಕು ಅಂದರೆ ಒಂದು ಮಳೆಗಾಲ ಸೋರದೆ ಕಳೆದ ಮೇಲೆ.

## ಹಳೆ ಮನೆ, ಕಷ್ಟದ ವಿಷಯ

ಅಜ್ಜನ ಕಾಲದ ಮಣ್ಣಿನ ಗೋಡೆ. ಸಿಮೆಂಟ್ ಹಚ್ಚಿದ್ರೂ ನಿಲ್ತಿಲ್ಲ, ಯಾಕೆ?

ಮಣ್ಣಿನ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಥಂಡಿ ಎಳೆದುಕೊಂಡು ಬೇಸಿಗೆಯಲ್ಲಿ ಬಿಡುತ್ತದೆ. ಮೇಲೆ ಗಟ್ಟಿ ಸಿಮೆಂಟ್ ಹಚ್ಚಿದರೆ ಆ ಥಂಡಿಗೆ ಹೊರಬರಲು ದಾರಿ ಇಲ್ಲ. ಒಳಗಿನ ಮಣ್ಣು ಮೆತ್ತಗಾಗುತ್ತದೆ. ಸಿಮೆಂಟ್ ಹಾಳೆಯ ಹಾಗೆ ಕಳಚಿಕೊಳ್ಳುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಹಳೆ ಜಂಬಿಟ್ಟಿಗೆ ಗೋಡೆಗೂ ಸಿಮೆಂಟಿಗಿಂತ ಸುಣ್ಣವೇ ಹೊಂದುತ್ತದೆ.

ಅಂಥ ಗೋಡೆಗೆ ಮಣ್ಣಿನ ಗಾರೆ ಅಥವಾ ಸುಣ್ಣದ ಗಾರೆಯೇ ಬೇಕು. ಮಣ್ಣಿಗೆ ಮರಳು, ಭತ್ತದ ಹೊಟ್ಟು ಅಥವಾ ಕತ್ತರಿಸಿದ ಹುಲ್ಲು ಸೇರಿಸಿ, ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು ಹಚ್ಚುತ್ತಾರೆ. ಸುಣ್ಣವಾದರೆ ಎರಡು ವಾರವಾದರೂ ನೀರಿನಲ್ಲಿ ನೆನೆಯಬೇಕು. ಹಳಬರು ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುತ್ತಿದ್ದರು. ತೆಳ್ಳಗೆ ಎರಡು ಮೂರು ಪದರ, ಪ್ರತಿ ಪದರದ ನಡುವೆ ಕಾಯಬೇಕು. ಇದು ಗೊತ್ತಿರುವವರನ್ನು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹುಡುಕಬೇಡಿ. ಹಳೆ ದೇವಸ್ಥಾನ, ತೊಟ್ಟಿ ಮನೆ, ಹೋಮ್‌ಸ್ಟೇ ರಿಪೇರಿ ಆದ ಕಡೆ ಕೆಲಸ ಮಾಡಿದವರು ಯಾರು ಎಂದು ವಿಚಾರಿಸಿ. ವಯಸ್ಸಾದ ಮೇಸ್ತ್ರಿ ಸಿಕ್ಕರೆ, ಕೈ ಓಡದಿದ್ದರೂ ಕೂತು ಹೇಳಿಕೊಡಲು ಕರೆತನ್ನಿ. ಅವರಿಗೂ ದಿನದ ಕೂಲಿ ಕೊಡಿ. ಅಪ್ಪನ ಮನೆಯ ಹಿಂದಿನ ಗೋಡೆಯನ್ನು ನಾನು ಹೀಗೇ ಮಾಡಿಸಿದ್ದು. ಆ ಹಿರಿಯರು ನೆನೆಸಿದ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಹೆಬ್ಬೆರಳಿಗೆ ಉಜ್ಜಿ, ಬೆಣ್ಣೆ ಹಾಗೆ ಜಾರುವ ತನಕ "ಇನ್ನೂ ಆಗಿಲ್ಲ ಮಗಾ" ಅನ್ನುತ್ತಲೇ ಇದ್ದರು.

ನೆಲದಿಂದ ಮೂರಡಿ ತನಕ ಬಿಳಿ ಉಪ್ಪು ಬರ್ತಿದೆ. ಉಜ್ಜಿ ಬಣ್ಣ ಹೊಡೆದ್ರೂ ವಾಪಸ್!

ನೆಲದ ನೀರನ್ನು ಗೋಡೆ ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತಿದೆ. ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪು ಉಳಿಯುತ್ತದೆ. ಖಚಿತ ಮಾಡಿಕೊಳ್ಳಲು ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯೊಳಗಿನದ್ದು. ಮುಂದೆ ಕಂಡರೆ ಕೋಣೆಯ ಗಾಳಿಯದ್ದು, ಕಿಟಕಿ ತೆಗೆದಿಟ್ಟರೆ ಕಡಿಮೆಯಾಗುತ್ತದೆ.

ಮೊದಲು ಖರ್ಚಿಲ್ಲದ್ದನ್ನು ಮಾಡಿ. ಹೊರಗಡೆ ಗೋಡೆಗೆ ಒರಗಿದ ಮಣ್ಣು, ಹೂವಿನ ಪಾತಿ ತೆಗೆಸಿ, ನೀರು ಮನೆಯಿಂದ ದೂರ ಹೋಗುವ ಹಾಗೆ ಚರಂಡಿ ಮಾಡಿ. ಎಷ್ಟೋ ಮನೆಗಳಲ್ಲಿ ಇದರಿಂದಲೇ ಅರ್ಧ ವಾಸಿಯಾಗುತ್ತದೆ. ಉಪ್ಪನ್ನು ಒಣ ಬ್ರಷ್‌ನಲ್ಲಿ ತೆಗೆಯಬೇಕು, ನೀರು ಹಾಕಿ ತೊಳೆದರೆ ಮತ್ತೆ ಒಳಗೆ ಹೋಗುತ್ತದೆ. ಆಮೇಲೂ ನಿಲ್ಲದಿದ್ದರೆ ಗೋಡೆ ಬುಡದಲ್ಲಿ ಸಾಲಾಗಿ ತೂತು ಕೊರೆದು ನೀರು ತಡೆಯುವ ಕೆಮಿಕಲ್ ತುಂಬುವ ಪದ್ಧತಿ ಇದೆ. ಅದು ಅನುಭವ ಇರುವವರ ಕೆಲಸ.

ಮೇಸ್ತ್ರಿ ಲೇಬರ್ ಕಾರ್ಡ್‌ಗೆ ಸಹಿ ಕೇಳ್ತಿದ್ದಾರೆ. ಹಾಕಿದ್ರೆ ನಮಗೇನಾದ್ರೂ ತೊಂದರೆನಾ?

ನಿಮ್ಮ ಮನೆಯಲ್ಲಿ ನಿಜವಾಗಿ ಕೆಲಸ ಮಾಡಿದ ದಿನಗಳಿಗೆ ಸಂತೋಷದಿಂದ ಹಾಕಿ. ಕಟ್ಟಡ ಕಾರ್ಮಿಕರ ಕಾನೂನಿನ ಪ್ರಕಾರ 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಲೇಬರ್ ಕಾರ್ಡ್ ಅಂದರೆ ಆ ನೋಂದಣಿಯ ಕಾರ್ಡ್. ನಾಲ್ಕು ಮನೆಯಲ್ಲಿ ದುಡಿಯುವವರಿಗೆ ಆ ದಿನಗಳನ್ನು ತೋರಿಸುವುದೇ ಕಷ್ಟ. ಮಾಡದ ದಿನಕ್ಕೆ ಮಾತ್ರ ಸಹಿ ಹಾಕಬೇಡಿ.

ಗುತ್ತಿಗೆ ಕೊಟ್ಟವರು ಅರ್ಧಂಬರ್ಧ ಮಾಡಿ ಹೋದ್ರು. ಫೋನೂ ಎತ್ತಲ್ಲ. ಈಗ?

ಮೊದಲು ಪರಿಚಯ ಮಾಡಿಸಿದವರ ಮೂಲಕ ಹೇಳಿಸಿ. ನಮ್ಮ ಊರುಗಳಲ್ಲಿ ಅದಕ್ಕೆ ಇನ್ನೂ ಬೆಲೆ ಇದೆ. ಮನೆಯಲ್ಲಿ ಕಾಯಿಲೆಯೋ ಸಾವೋ ಆಗಿ ಬಾರದೆ ಇದ್ದವರನ್ನೂ ನಾನು ನೋಡಿದ್ದೇನೆ, ವಿಚಾರಿಸದೆ ಬೈಯಬೇಡಿ. ಅದಕ್ಕೂ ಜಗ್ಗದಿದ್ದರೆ ತಾರೀಖು ಸಮೇತ ಫೋಟೊ, ಹಣ ಕಳಿಸಿದ ದಾಖಲೆ, ಮೊದಲು ಬರೆದುಕೊಂಡ ಹಾಳೆ ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, 15 ದಿನ ಸಮಯ ಕೊಡಿ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟಿರದಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಬೇರೆ ಮೇಸ್ತ್ರಿ ಬಂದು ಮುಟ್ಟುವ ಮುಂಚೆ ಕೆಟ್ಟ ಕೆಲಸದ ಫೋಟೊ ತೆಗೆದುಕೊಂಡಿರಬೇಕು. ಕೆತ್ತಿ ಹಾಕಿದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.